ಹತ್ತು ನಿಮಿಷದ ಲೆಕ್ಕ

ಇಲ್ಲಿ ಸೂರ್ಯ ಹುಟ್ಟಿದ ಮೇಲೆಯೇ ಗಂಟೆ ಹುಟ್ಟುವುದು.
ಗೇಟಿನ ಗಡಿಯಾರ ಏಳು ಅಂದಾಗ
ಹವಾಸ್ಸದ ಬೀದಿ ಒಂದು ಅನ್ನುತ್ತದೆ.
ಎರಡೂ ಸುಳ್ಳಲ್ಲ.
ಆದರೆ ಸಂಬಳ ಕೊಡುವುದು ಗೇಟಿನ ಗಡಿಯಾರ,
ಹಾಗಾಗಿ ಅದು ಒಂದು ಗುಲಗಂಜಿ ಹೆಚ್ಚು ನಿಜ.

ನಾನು ಅದರ ಗುಮಾಸ್ತೆ.
ಬೆರಳೊತ್ತುವ ಯಂತ್ರದ ಪಕ್ಕ ನನ್ನ ಸ್ಟೂಲು,
ನೀಲಿ ಗೆರೆಯ ಪುಸ್ತಕ, ದಾರ ಕಟ್ಟಿದ ಪೆನ್ನು.
ತಡವಾದವರ ಹೆಸರು, ತಡವಾದ ನಿಮಿಷ,
ಇಷ್ಟಕ್ಕೇ ಅದರಲ್ಲಿ ಜಾಗ.
ಕಾರಣಕ್ಕೆ ಕಾಲಂ ಇಲ್ಲ.

ಕಾರಣಗಳೇನೋ ಬಂದೇ ಬರುತ್ತವೆ, ಏದುಸಿರು ಬಿಡುತ್ತಾ:
ಬಜಾಜ್ ಆಟೋದಲ್ಲಿ ಒಂಬತ್ತು ಜನ, ಹತ್ತನೆಯವಳಿಗೆ ಅಂಚೂ ಇಲ್ಲ.
ತಿರುವಿನಲ್ಲಿ ಕತ್ತೆಕಿರುಬ ಕೂತಿತ್ತು,
ಅದು ಏಳುವ ತನಕ ನಾವೂ ನಿಂತೆವು.
ಮೂರು ದಿನದ ಮೇಲೆ ನಲ್ಲಿಯಲ್ಲಿ ನೀರು ಬಂತು,
ಬಿಟ್ಟು ಬರಲಾಗುತ್ತದೆಯೇ ಅಕ್ಕ?
ಎಲ್ಲ ಕೇಳುತ್ತೇನೆ. ತಲೆಯಾಡಿಸುತ್ತೇನೆ.
'ನಾಲ್ಕು' ಎಂದು ಬರೆಯುತ್ತೇನೆ.

ಸರೋವರದ ದಂಡೆಯಲ್ಲಿ, ಮೀನು ಕೊಯ್ಯುವಲ್ಲಿ,
ಬೋಳುತಲೆಯ ದೊಡ್ಡ ಕೊಕ್ಕರೆಗಳು
ಕೈ ಹಿಂದೆ ಕಟ್ಟಿದಂತೆ ನಿಂತಿರುತ್ತವಲ್ಲ,
ನಮ್ಮ ಸೂಪರ್‌ವೈಸರ್ ಹಾಗೆ.
ಕರುಳು ಬೀಳುವ ಹೊತ್ತು ಅವಕ್ಕೆ ಗೊತ್ತು.
ಅವು ಒಂದು ದಿನವೂ ತಡವಾಗಿ ಬಂದದ್ದಿಲ್ಲ.

ಬೆಲೆತು ಹಗಲು ಪಾಳಿ, ಕಾಲರ್ ಹೊಲಿಯುತ್ತಾಳೆ.
ಜಿನಾಶ್ ರಾತ್ರಿ ಪಾಳಿ. ಅದೇ ಮಿಷನ್ನು, ಅದೇ ಕಾಲರು.
ಇಬ್ಬರಿಗೂ ಒಂದೇ ಕೋಣೆ, ಒಂದೇ ಚಾಪೆ.
ಇಷ್ಟು ನನಗೆ ಗೊತ್ತಿತ್ತು.
ಗೊತ್ತಿಲ್ಲದ್ದು ಬೂಟು.

ಬೂಟಿಲ್ಲದೆ ಒಳಗೆ ಬಿಡುವುದಿಲ್ಲ, ಸೂಜಿ ಬಿದ್ದಿರುತ್ತದೆಂದು.
(ಕನಿಕರ ಕಾಲಿನ ಮೇಲೋ ಸೂಜಿಯ ಮೇಲೋ, ಕೇಳಿದವರಿಲ್ಲ.)
ಜಿನಾಶಳ ಜೊತೆ ಮಳೆಯಲ್ಲಿ ನೆನೆದು ಬಾಯಿ ಬಿಟ್ಟುಕೊಂಡಿತ್ತು.
ಸಂಬಳಕ್ಕೆ ಇನ್ನೂ ಹದಿನೇಳು ದಿನ.
ಬೆಲೆತುವಿನ ಬೂಟೇ ಎರಡೂ ಪಾಳಿ ದುಡಿಯತೊಡಗಿತು.
ಜಿನಾಶಳ ಪಾದ ಚಿಕ್ಕದು,
ತುದಿಗೆ ಕಾಲರಿನ ಚೂರು ತುರುಕುತ್ತಿದ್ದಳು.
ಅದೂ ಕಳ್ಳತನವೇ, ಬೇರೆ ಪುಸ್ತಕದಲ್ಲಿ.

ಆ ಗುರುವಾರ ರಾತ್ರಿಯವರನ್ನು ತಡೆದು ನಿಲ್ಲಿಸಿದರು.
ಹಡಗು ಕಾಯುತ್ತಿದೆ, ನಲವತ್ತು ಅಂಗಿ ಕಡಿಮೆ,
ಹತ್ತೇ ನಿಮಿಷ ಅಂದರು.
ಹಗಲಿನವರು ಹೊತ್ತಿಗೆ ಸರಿಯಾಗಿ ಬೆರಳೊತ್ತಿ
ಮಿಷನ್ನುಗಳ ಬೆನ್ನಿಗೆ ಸಾಲಾಗಿ ನಿಂತರು.
ಬೆಲೆತು ಒಬ್ಬಳೇ ಹೊರಗೆ,
ಗೇಟಿನ ಸರಳಿಗೆ ಹಣೆಯಿಟ್ಟು,
ರಬ್ಬರ್ ಚಪ್ಪಲಿಯಲ್ಲಿ ಹೆಬ್ಬೆರಳು ಆಡಿಸುತ್ತಾ.

ಒಳಗೆ ಬಾರೇ, ಅಂದೆ.
ಬೂಟು ಇನ್ನೂ ಕೆಲಸ ಬಿಟ್ಟಿಲ್ಲ, ಅಂದಳು.

ಕೊನೆಗೆ ಜಿನಾಶ್ ಓಡಿಬಂದಳು.
ಇಬ್ಬರೂ ಒಂಟಿಕಾಲಲ್ಲಿ ನಿಂತು
ಪರಸ್ಪರ ಭುಜ ಹಿಡಿದು ಬದಲಾಯಿಸಿಕೊಂಡರು.
ಬೆಲೆತುವಿನ ಬೆರಳಿಗೆ ಯಂತ್ರ ಕೆಂಪಾಯಿತು.
ಬರೆದೆ: ಹತ್ತು.

ಆಮೇಲೆ ಜಿನಾಶಳ ಹೆಸರಿನ ಮುಂದೆ ಹುಡುಕಿದೆ.
ಅವಳು ಹೆಚ್ಚಿಗೆ ದುಡಿದ ಹತ್ತು ಎಲ್ಲಿ?
ಅರ್ಧ ಗಂಟೆ ತುಂಬದ್ದು ದುಡಿಮೆಯಲ್ಲವಂತೆ,
ಯಂತ್ರ ಅದನ್ನು ಉಜ್ಜಿ ಸೊನ್ನೆ ಮಾಡುತ್ತದೆ.
ತಡಕ್ಕೆ ಮಾತ್ರ ಬಿಡಿಬಿಡಿ ನಿಮಿಷಕ್ಕೂ ದರ.
ಅದೇ ಹತ್ತು. ಅದೇ ಬೆಳಗು. ಅದೇ ಬೂಟು.
ಗಡಿಯಾರ ಒಳಗೊಬ್ಬಳ ಕೈಯಿಂದ ತಿಂದಿತು,
ಹೊರಗೊಬ್ಬಳ ಕೈಯಿಂದ ತಿಂದಿತು,
ಮುಳ್ಳಿನಲ್ಲಿ ಬಾಯಿ ಒರೆಸಿಕೊಂಡಿತು.

ನಾನು ದೊಡ್ಡ ಎದೆಯವಳಲ್ಲ.
ಆ ಸಾಲಿನ ಅಂಚಿನಲ್ಲಿ, ಜಾಗವಿಲ್ಲದ ಜಾಗದಲ್ಲಿ,
ಸಣ್ಣಗೆ 'ಬೂಟು' ಎಂದು ಬರೆದೆ, ಅಷ್ಟೆ.
ತಿಂಗಳ ಕೊನೆಗೆ ಕಚೇರಿಯವರು ಕೇಳಿದರು:
ಇದ್ಯಾರು, ಹೊಸ ಸೇರ್ಪಡೆಯೇ?
ಹೌದು, ಅಂದೆ. ಎರಡೂ ಪಾಳಿ ಮಾಡುತ್ತೆ,
ಒಂದು ದಿನವೂ ತಪ್ಪಿಸಿಲ್ಲ.
ಬೆರಳ ಗುರುತು ತೆಗೆದುಕೊಳ್ಳಿ, ಅಂದರು, ಪುಟ ತಿರುವುತ್ತಾ.

ಬೆಲೆತುವನ್ನು ಒಮ್ಮೆ ಕೇಳಿದ್ದೆ:
ಅವಳ ಬೆವರು, ಒದ್ದೆ, ಹೇಸಿಗೆ ಆಗುವುದಿಲ್ಲವೇ?
ಬಿಸಿ ಇರುತ್ತದಕ್ಕ, ಅಂದಳು.
ಬೆಳಗಿನ ಒಂದು ಗಂಟೆಗೆ
ಬಿಸಿಲೂ ಅಷ್ಟು ಬೆಚ್ಚಗಿರುವುದಿಲ್ಲ.